ಮನೆ ಅಲ್ಲೇ ಇದೆ, ಶಾಲೆ ಬದಲಾಯಿತು: ಹೈಸ್ಕೂಲು ಮಕ್ಕಳಿರುವ ಮನೆಯವರು ಈಗ ಏನು ಮಾಡಬೇಕು?

ಪ್ರಶ್ನೆ: ನಾವು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಉತ್ತರದ ಒಂದು ಊರಿನಲ್ಲಿದ್ದೇವೆ. 2021ರಲ್ಲಿ ಹೈಸ್ಕೂಲು ನೋಡಿಯೇ ಮನೆ ತಗೊಂಡೆವು. ಮಗಳು ಈಗ 9ನೇ ತರಗತಿ, ಶಾಲೆಯ ಆರ್ಕೆಸ್ಟ್ರಾದಲ್ಲಿ ವಯಲಿನ್ ನುಡಿಸುತ್ತಾಳೆ. ಮಗ 7ನೇ ತರಗತಿ. ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನವರು ಹೊಸ ಹೈಸ್ಕೂಲು ತೆರೆಯುತ್ತಿದ್ದಾರೆ, ಕರಡು ನಕ್ಷೆಯಲ್ಲಿ ನಮ್ಮ ಬೀದಿ ಅದಕ್ಕೆ ಸೇರಿದೆ. ಮಗಳ ರ‍್ಯಾಂಕ್ ಏನಾಗುತ್ತೆ? ಮನೆ ಬೆಲೆ ಬೀಳುತ್ತಾ? ನಮ್ಮ ಯಜಮಾನರು ಹಳೆಯ ಶಾಲೆಯ ಹತ್ತಿರ ಒಂದು ಅಪಾರ್ಟ್‌ಮೆಂಟ್ ಬಾಡಿಗೆಗೆ ಹಿಡಿಯೋಣ ಅನ್ನುತ್ತಾರೆ. ಸ್ನೇಹಿತರೊಬ್ಬರು "ನಮ್ಮ ಮನೆ ವಿಳಾಸ ಕೊಟ್ಟುಬಿಡಿ" ಅಂದಿದ್ದಾರೆ. ಮೀಟಿಂಗ್‌ಗೆ ಹೋಗಿ ಜಗಳ ಆಡಿದರೆ ಪ್ರಯೋಜನ ಇದೆಯಾ?

ಉತ್ತರ: ನೀವು ನಾಲ್ಕೈದು ಪ್ರಶ್ನೆ ಕೇಳಿದ್ದೀರಿ. ಕೇಳದೆ ಬಿಟ್ಟದ್ದೇ ಎಲ್ಲಕ್ಕಿಂತ ಮುಖ್ಯ. ಹೊಸ ನಕ್ಷೆ ಯಾವ ತರಗತಿಯಿಂದ ಜಾರಿಗೆ ಬರುತ್ತದೆ? ಯಾರು ಹಳೆಯ ಶಾಲೆಯಲ್ಲೇ ಉಳಿಯಬಹುದು? ಎಲ್ಲರ ಕಣ್ಣೂ ನಕ್ಷೆಯ ಮೇಲಿರುತ್ತದೆ. ನಕ್ಷೆಯ ಜೊತೆಗೆ ಒಂದೋ ಎರಡೋ ಪುಟದ ನಿಯಮ ಬಂದಿರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಹೈಸ್ಕೂಲಿನಲ್ಲಿ ಈಗಾಗಲೇ ಓದುತ್ತಿರುವ ಮಕ್ಕಳ ಮಟ್ಟಿಗೆ ಆ ಪುಟವೇ ಎಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಟೆಕ್ಸಾಸ್‌ನ ಹೈಸ್ಕೂಲುಗಳಲ್ಲಿ ಮಕ್ಕಳಿಗೆ ಕೋರ್ಸು, ಕಾಲೇಜಿನ ಸಲಹೆ ಕೊಡುವ ಕೌನ್ಸೆಲರ್ ಆಗಿ ಎರಡು ದಶಕ ಕಳೆದಿದ್ದೇನೆ. ಆದರೂ ನಮ್ಮ ಬೀದಿಯೇ ಬೇರೆ ಶಾಲೆಗೆ ಹೋದಾಗ ನಾನೂ ಎಲ್ಲರ ಹಾಗೆ ನಕ್ಷೆ ಹಿಡಿದುಕೊಂಡು ಮೀಟಿಂಗ್‌ಗೆ ಹೋದೆ. ಮೂರು ನಿಮಿಷ ಜೋರಾಗಿ ಮಾತಾಡಿದೆ. ಗೆರೆ ಒಂದು ಇಂಚೂ ಆಚೀಚೆ ಆಗಲಿಲ್ಲ. ದೊಡ್ಡ ಮಗನಿಗೆ ಹಳೆಯ ಶಾಲೆಯಲ್ಲಿ ಉಳಿಯಲು ಅವಕಾಶ ಸಿಕ್ಕಿತು, ತಂಗಿಗೆ ಸಿಗಲಿಲ್ಲ. ಎರಡು ವರ್ಷ ಬೆಳಗ್ಗೆ ಎರಡು ಶಾಲೆ, ಸಂಜೆ ಎರಡು ಶಾಲೆ ಅಂತ ಕಾರು ಓಡಿಸಿದೆ. ಒಡಹುಟ್ಟಿದವರ ವಿಚಾರ ಆ ಮೂರು ನಿಮಿಷದಲ್ಲಿ ಕೇಳಿದ್ದರೆ ಬಹುಶಃ ಕೊಡುತ್ತಿದ್ದರು. ಕೇಳಬೇಕು ಅಂತ ಹೊಳೆಯಲೇ ಇಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. ಊರಲ್ಲಿ ನಾವು ಶಾಲೆ ಆರಿಸುತ್ತಿದ್ದೆವು. ಮನೆ ಬಸವನಗುಡಿಯಲ್ಲಿದ್ದರೂ ಶಾಲೆ ಮಲ್ಲೇಶ್ವರದಲ್ಲಿ ಇರಬಹುದಿತ್ತು, ಫೀಸು ಕಟ್ಟಿದರೆ ಆಯಿತು. ಇಲ್ಲಿ ಮನೆ ಆರಿಸುತ್ತೇವೆ, ಶಾಲೆ ಅದರ ಹಿಂದೆ ಬರುತ್ತದೆ. ಅದಕ್ಕೇ ಶಾಲೆಯೂ ಮನೆಯ ಜೊತೆ ಖರೀದಿಗೆ ಬಂತು ಅನ್ನಿಸುತ್ತದೆ. ಬಂದಿರುವುದಿಲ್ಲ. ಗೆರೆಗಳು ಎರಡು. ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನ ಗಡಿ. ಟೆಕ್ಸಾಸ್‌ನಲ್ಲಿ ಇಂಥ ಡಿಸ್ಟ್ರಿಕ್ಟ್‌ಗಳು ಸಾವಿರಕ್ಕೂ ಜಾಸ್ತಿ ಇವೆ, ಅವುಗಳ ಗಡಿ ಬದಲಾಗುವುದು ತೀರಾ ಅಪರೂಪ. ಅದು ಊರಿನ ಗಡಿಯೂ ಅಲ್ಲ. ನಿಮ್ಮ ಕಡೆಯ ಫ್ರಿಸ್ಕೋ ಊರಿನ ಕೆಲವು ಮನೆಗಳು ಪ್ರಾಸ್ಪರ್ ಡಿಸ್ಟ್ರಿಕ್ಟ್‌ಗೆ ಸೇರುತ್ತವೆ, ಪ್ಲೇನೋ ಊರಿನ ಕೆಲವು ಮನೆಗಳು ಫ್ರಿಸ್ಕೋ ಡಿಸ್ಟ್ರಿಕ್ಟ್‌ಗೆ. ಎರಡನೆಯದು ಡಿಸ್ಟ್ರಿಕ್ಟ್ ಒಳಗೆ ಯಾವ ಬೀದಿ ಯಾವ ಶಾಲೆಗೆ ಅನ್ನುವ ಗೆರೆ, ಅಟೆಂಡೆನ್ಸ್ ಝೋನ್. ಇದನ್ನು ಡಿಸ್ಟ್ರಿಕ್ಟ್‌ನ ಆಡಳಿತ ಮಂಡಳಿಯಾದ ಸ್ಕೂಲ್ ಬೋರ್ಡಿನ ಸದಸ್ಯರು, ಅಂದರೆ ಟ್ರಸ್ಟಿಗಳು, ಒಂದು ಸಂಜೆ ಕೈ ಎತ್ತಿ ಬದಲಿಸಬಹುದು. ನಿಮ್ಮ ಮನೆ ಮಾರಾಟದ ಜಾಹೀರಾತಿನಲ್ಲಿ ಸಣ್ಣ ಅಕ್ಷರದಲ್ಲಿ "ಶಾಲೆಯ ವಿವರವನ್ನು ಕೊಳ್ಳುವವರೇ ಖಚಿತಪಡಿಸಿಕೊಳ್ಳಬೇಕು" ಅಂತ ಇದ್ದಿರಬೇಕು, ನೆನಪಿದೆಯಾ?

ನಿಮ್ಮ ಭಾಗದಲ್ಲಂತೂ ಗೆರೆ ನಿಂತದ್ದೇ ಕಡಿಮೆ. 2003ರಲ್ಲಿ ಸೆಂಟೆನಿಯಲ್ ಹೈಸ್ಕೂಲು ತೆರೆಯುವವರೆಗೆ ಫ್ರಿಸ್ಕೋ ಡಿಸ್ಟ್ರಿಕ್ಟ್‌ಗೆ ಇದ್ದದ್ದು ಒಂದೇ ಹೈಸ್ಕೂಲು. 2022ರಲ್ಲಿ ಪ್ಯಾಂಥರ್ ಕ್ರೀಕ್ ತೆರೆದಾಗ ಅದು ಹನ್ನೆರಡನೆಯದು. ಒಂದೊಂದು ಕಟ್ಟಡ ಎದ್ದಾಗಲೂ ಸುತ್ತಲಿನ ಶಾಲೆಗಳಿಂದ ಒಂದಿಷ್ಟು ಬೀದಿ ಕಿತ್ತು ಅದಕ್ಕೆ ಕೊಡಲೇಬೇಕು, ಬೇರೆ ದಾರಿಯಿಲ್ಲ. ಪಕ್ಕದ ಪ್ರಾಸ್ಪರ್‌ನಲ್ಲಿ ಈ ಆಟ ಇನ್ನೂ ನಡೆಯುತ್ತಿದೆ. ಅಲ್ಲಿ 2020ರಲ್ಲಿ ರಾಕ್ ಹಿಲ್, 2023ರಲ್ಲಿ ವಾಲ್‌ನಟ್ ಗ್ರೋವ್, 2025ರಲ್ಲಿ ರಿಚ್‌ಲ್ಯಾಂಡ್ ಹೈಸ್ಕೂಲು ತೆರೆದವು. ಅದೇ ಹೊತ್ತಿಗೆ ಫ್ರಿಸ್ಕೋದಲ್ಲಿ ಮಕ್ಕಳ ಸಂಖ್ಯೆ ಇಳಿಯಲು ಶುರುವಾಗಿ, ಸ್ಟೇಲಿ ಮಿಡಲ್ ಸ್ಕೂಲನ್ನು 2025ರಲ್ಲಿ ಮುಚ್ಚಿದರು. ಪ್ಲೇನೋ ಬೋರ್ಡ್ 2024ರ ಜೂನ್‌ನಲ್ಲಿ ನಾಲ್ಕು ಶಾಲೆ ಮುಚ್ಚಲು ಮತ ಹಾಕಿತು. ಮನೆಗಳಿಗೆ ವಯಸ್ಸಾಗುತ್ತದೆ. ಮಕ್ಕಳು ಕಾಲೇಜಿಗೆ ಹೋಗುತ್ತಾರೆ, ಅಪ್ಪ ಅಮ್ಮ ಅದೇ ಮನೆಯಲ್ಲಿ ಉಳಿಯುತ್ತಾರೆ. ಚಿಕ್ಕ ಮಕ್ಕಳಿರುವವರಿಗೆ ಆ ಬೆಲೆಯಲ್ಲಿ ಮನೆ ಕೊಳ್ಳಲು ಆಗುವುದಿಲ್ಲ, ಅವರು ಇನ್ನೂ ಉತ್ತರಕ್ಕೆ ಹೋಗುತ್ತಾರೆ. ಹಾಗಾಗಿ ಹಳೆಯ ಶಾಲೆಯ ಹತ್ತಿರಕ್ಕೆ ಮನೆ ಬದಲಿಸಿದರೆ ಗೆರೆಯ ಕಾಟ ತಪ್ಪಿತು ಅಂದುಕೊಳ್ಳಬೇಡಿ. ಬೆಳೆಯುವ ಊರಲ್ಲಿ ಹೊಸ ಶಾಲೆಗಾಗಿ ಗೆರೆ ಸರಿಯುತ್ತದೆ, ಕುಗ್ಗುವ ಊರಲ್ಲಿ ಮುಚ್ಚಿದ ಶಾಲೆಗಾಗಿ ಸರಿಯುತ್ತದೆ.

ಈಗ ಆ ನಿಯಮದ ಪುಟಕ್ಕೆ ಬರೋಣ. ಇಲ್ಲಿ ಹೈಸ್ಕೂಲು ಅಂದರೆ 9ರಿಂದ 12ನೇ ತರಗತಿ. ಸಾಮಾನ್ಯವಾಗಿ 12ನೇ ತರಗತಿಗೆ ಹೋಗುವ ಮಕ್ಕಳನ್ನು ಯಾರೂ ಕದಲಿಸುವುದಿಲ್ಲ. ಅನೇಕ ಕಡೆ 11ಕ್ಕೆ ಹೋಗುವವರನ್ನೂ ಬಿಡುತ್ತಾರೆ. ಹೊಸ ಹೈಸ್ಕೂಲು ಎಷ್ಟೋ ಸಲ 9 ಮತ್ತು 10ನೇ ತರಗತಿಯಿಂದ ಮಾತ್ರ ಶುರುವಾಗುತ್ತದೆ, ವರ್ಷಕ್ಕೊಂದು ತರಗತಿ ಸೇರುತ್ತಾ ಹೋಗುತ್ತದೆ. ಹೀಗೆ ಹಳಬರನ್ನು ಉಳಿಸಿಕೊಳ್ಳುವುದಕ್ಕೆ ಇಲ್ಲಿ "ಗ್ರ್ಯಾಂಡ್‌ಫಾದರಿಂಗ್" ಅನ್ನುತ್ತಾರೆ. ಅಜ್ಜನ ಹೆಸರಿರುವುದರಿಂದ ಮುದ್ದಾಗಿ ಕೇಳಿಸುತ್ತದೆ, ಆದರೆ ಹುಟ್ಟು ಕೆಟ್ಟದ್ದು. ದಕ್ಷಿಣದ ರಾಜ್ಯಗಳು ಕಪ್ಪು ಜನರ ಮತ ತಪ್ಪಿಸಲು "ನಿಮ್ಮ ಅಜ್ಜನಿಗೆ ಮತದ ಹಕ್ಕಿತ್ತಾ" ಅಂತ ಕೇಳುವ ಕಾನೂನು ಮಾಡಿದ್ದವು. 1915ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಈಗ ಈ ಪದವನ್ನೇ ಕೈಬಿಟ್ಟವರೂ ಇದ್ದಾರೆ. ನಿಮ್ಮ ಪುಟದಲ್ಲಿ ಬೇರೆ ಪದವಿದ್ದರೆ ಗಾಬರಿಯಾಗಬೇಡಿ, ವಿಷಯ ಅದೇ.

ನಿಮ್ಮ ಮಗಳು ಮುಂದಿನ ಆಗಸ್ಟ್‌ಗೆ 10ನೇ ತರಗತಿ. ಸರಿಯಾಗಿ ಅಂಚಿನ ಮೇಲೆ ನಿಂತಿದ್ದಾಳೆ. ಒಂದು ವರ್ಷ ಹಳೆಯ ಶಾಲೆಯಲ್ಲಿ ಬೇರು ಬಿಟ್ಟಿದ್ದಾಳೆ, ಆದರೆ "ಉಳಿಯಬಹುದು" ಅನ್ನುವ ಪಟ್ಟಿಗೆ ಸೇರುವಷ್ಟು ದೊಡ್ಡವಳಲ್ಲ. ಆ ಪುಟ ಕೈಗೆ ತಗೊಂಡು ಇಷ್ಟು ನೋಡಿ. 10ಕ್ಕೆ ಹೋಗುವವರಿಗೆ ಆಯ್ಕೆ ಇದೆಯಾ? ಇದ್ದರೆ ತಾನಾಗಿ ಸಿಗುತ್ತದೋ, ಫಾರಂ ತುಂಬಬೇಕೋ, ಕೊನೆಯ ದಿನ ಯಾವುದು? ಅಕ್ಕ ಉಳಿದರೆ ತಮ್ಮನಿಗೂ ಜಾಗ ಇದೆಯಾ? ಉಳಿದವರಿಗೆ ಬಸ್ ಇದೆಯಾ? ಕೊನೆಯದಕ್ಕೆ ಉತ್ತರ ಹೆಚ್ಚಾಗಿ "ಇಲ್ಲ" ಅಂತಲೇ ಇರುತ್ತದೆ. ಟೆಕ್ಸಾಸ್‌ನಲ್ಲಿ ರಾಜ್ಯ ಸರ್ಕಾರ ಬಸ್ಸಿಗೆ ದುಡ್ಡು ಕೊಡುವುದು ಮುಖ್ಯವಾಗಿ ಶಾಲೆಯಿಂದ ಎರಡು ಮೈಲಿಗಿಂತ ದೂರದ ಮಕ್ಕಳ ಲೆಕ್ಕದಲ್ಲಿ. ಆದರೆ ಝೋನ್ ಬಿಟ್ಟು ಓದುವವರಿಗಾಗಿ ಡಿಸ್ಟ್ರಿಕ್ಟ್ ಸಾಮಾನ್ಯವಾಗಿ ಬಸ್ ಓಡಿಸುವುದಿಲ್ಲ. ನಿಮ್ಮ ಮಗಳಿಗೆ 16 ತುಂಬಿ ಲೈಸೆನ್ಸ್ ಬರುವ ತನಕ ಬೆಳಗ್ಗೆ ಯಾರು ಬಿಡುತ್ತಾರೆ? ಆರ್ಕೆಸ್ಟ್ರಾ ಅಭ್ಯಾಸ ಬೇರೆ ಇದೆ. ಇಬ್ಬರೂ ಆಫೀಸಿಗೆ ಹೋಗುವ ಮನೆಯಲ್ಲಿ ಇದು ಸಣ್ಣ ಮಾತಲ್ಲ. "ಉಳಿಯಲು ಅವಕಾಶ ಸಿಕ್ಕಿತು" ಅಂತ ಕುಣಿದು, ಅಕ್ಟೋಬರ್ ಹೊತ್ತಿಗೆ ಸುಸ್ತಾಗಿ ಶಾಲೆ ಬದಲಿಸಿ ಅಂತ ನನ್ನ ಕೋಣೆಗೆ ಬಂದವರನ್ನು ನೋಡಿದ್ದೇನೆ. ವರ್ಷದ ಮಧ್ಯೆ ಬದಲಿಸುವುದು ಎಲ್ಲಕ್ಕಿಂತ ಕಷ್ಟ.

ರ‍್ಯಾಂಕ್ ವಿಚಾರವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮವರಿಗೆ ನಿದ್ದೆ ಕೆಡಿಸುವುದು ಅದೇ, ಮತ್ತು ಅದರ ಬಗ್ಗೆ ಹನುಮಾನ್ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಹರಡುವ ಮಾಹಿತಿ ಅರ್ಧಕ್ಕರ್ಧ ತಪ್ಪು. ಟೆಕ್ಸಾಸ್‌ನಲ್ಲಿ 1997ರಲ್ಲಿ ಒಂದು ಕಾನೂನು ಬಂತು. ಹೈಸ್ಕೂಲಿನ ತನ್ನ ಬ್ಯಾಚಿನಲ್ಲಿ ಮೇಲಿನ ಶೇ. 10ರೊಳಗೆ ಇರುವ ಮಗುವಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೀಟು ಖಾತ್ರಿ. ಆಸ್ಟಿನ್‌ನ ಯುಟಿಗೆ (ಟೆಕ್ಸಾಸ್ ವಿಶ್ವವಿದ್ಯಾಲಯ) ಮಾತ್ರ ಬೇರೆ ಲೆಕ್ಕ. ಅಲ್ಲಿ ಅರ್ಜಿಗಳು ಜಾಸ್ತಿಯಾಗಿ ಮಿತಿ ಶೇ. 6ಕ್ಕೆ ಇಳಿದಿತ್ತು. 2026ರ ಶರತ್ಕಾಲದ ಪ್ರವೇಶದಿಂದ ಶೇ. 5. ಸೀಟು ಖಾತ್ರಿ ಅಂದರೆ ವಿಶ್ವವಿದ್ಯಾಲಯಕ್ಕೆ, ಕಂಪ್ಯೂಟರ್ ಸೈನ್ಸ್‌ಗೋ ಬಿಸಿನೆಸ್‌ಗೋ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ರ‍್ಯಾಂಕ್ ಎಣಿಸುವುದು ಆಯಾ ಶಾಲೆಯ ಬ್ಯಾಚಿನ ಒಳಗೆ. ಒಂದೇ ಡಿಸ್ಟ್ರಿಕ್ಟ್ ಆದ್ದರಿಂದ ಮಗಳ ಅಂಕ, ಕ್ರೆಡಿಟ್, ಜಿಪಿಎ (ಗ್ರೇಡುಗಳ ಸರಾಸರಿ) ಎಲ್ಲ ಹಾಗೇ ಜೊತೆಗೆ ಹೋಗುತ್ತವೆ. ಬದಲಾಗುವುದು ಪಕ್ಕದಲ್ಲಿ ಯಾರು ನಿಂತಿದ್ದಾರೆ ಅನ್ನುವುದು. ಹಳೆಯ ಶಾಲೆಯಲ್ಲಿ ಅವಳ ಮುಂದೆ ಅರವತ್ತು ಮಕ್ಕಳಿದ್ದರು ಅನ್ನಿ. ಅವರಲ್ಲಿ ಕೆಲವರು ಅವಳ ಜೊತೆಗೇ ಬರುತ್ತಾರೆ, ಕೆಲವರು ಬರುವುದಿಲ್ಲ. ಬೇರೆ ಶಾಲೆಯಿಂದ ಬರುವವರು ಹೇಗಿದ್ದಾರೋ ಯಾರಿಗೂ ಗೊತ್ತಿಲ್ಲ. ಅಂದರೆ ರ‍್ಯಾಂಕ್ ಮೇಲೂ ಹೋಗಬಹುದು, ಕೆಳಗೂ ಬರಬಹುದು. ಒಂದು ಮಾತು ಇಲ್ಲಿ ಲೆಕ್ಕಕ್ಕೆ ತಗೊಳ್ಳಿ. ಶೇ. 5 ಅನ್ನುವುದು ಬ್ಯಾಚಿನ ಗಾತ್ರದ ಮೇಲೆ ನಿಂತಿದೆ. 500 ಮಕ್ಕಳ ಬ್ಯಾಚಿನಲ್ಲಿ ಅದು 25 ಜನ, 250ರ ಬ್ಯಾಚಿನಲ್ಲಿ ಬರೀ 12. ಹೊಸ ಶಾಲೆಯ ಮೊದಲ ಬ್ಯಾಚು ಸಾಮಾನ್ಯವಾಗಿ ಚಿಕ್ಕದು. ಅಲ್ಲಿ ಒಂದು ಬಿ ಗ್ರೇಡ್ ಕೂಡ ಜೋರಾಗಿ ತಾಗುತ್ತದೆ. ಹಾಗಂತ ಹೆದರಬೇಡಿ. ಎಲ್ಲರೂ "ಒಳ್ಳೆ ಶಾಲೆ" ಅನ್ನುವ ಕಡೆ ರ‍್ಯಾಂಕ್ ಸಿಗುವುದು ಎಷ್ಟು ಕಷ್ಟ ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನೀವು ಕೊಂಡ ಮನೆಯ ಹೆಚ್ಚಿನ ಬೆಲೆಗೆ ಸಿಕ್ಕಿದ್ದು ಅದೂ ಸೇರಿ.

ಟೆಕ್ಸಾಸ್ ಬಿಟ್ಟು ಹೊರಗಿನ ಕಾಲೇಜುಗಳಿಗೆ ಅರ್ಜಿ ಹಾಕುವುದಾದರೆ ಚಿಂತೆ ಇನ್ನೂ ಕಡಿಮೆ. ಪ್ರತಿ ಹೈಸ್ಕೂಲೂ ತನ್ನ ಬಗ್ಗೆ ಒಂದು ಪರಿಚಯ ಪತ್ರ ಕಳಿಸುತ್ತದೆ. ಎಷ್ಟು ಎಪಿ ಕೋರ್ಸ್ (ಕಾಲೇಜು ಮಟ್ಟದ ಪಾಠ) ಇದೆ, ಎಷ್ಟು ಮಕ್ಕಳು, ಶಾಲೆ ಯಾವಾಗ ಶುರುವಾಯಿತು ಎಲ್ಲ ಅದರಲ್ಲಿರುತ್ತದೆ. ಮಗುವನ್ನು ಆ ಶಾಲೆಯ ಒಳಗಿಟ್ಟು ನೋಡುತ್ತಾರೆ. ನಡುವೆ ಶಾಲೆ ಬದಲಾದದ್ದು ಗಡಿಯಿಂದ ಅಂತ ಕೌನ್ಸೆಲರ್ ಒಂದು ಸಾಲು ಬರೆದರೆ ಸಾಕು.

ನಿಜವಾಗಿ ಕೇಳಬೇಕಾದದ್ದು ಕೋರ್ಸುಗಳನ್ನು. 9 ಮತ್ತು 10 ಮಾತ್ರ ಇರುವ ಶಾಲೆಯಲ್ಲಿ 11, 12ರವರು ತೆಗೆದುಕೊಳ್ಳುವ ಪಾಠಗಳು ಮೊದಲ ವರ್ಷ ಇರುವುದೇ ಇಲ್ಲ. ಮಗಳು ಗಣಿತದಲ್ಲಿ ಒಂದು ವರ್ಷ ಮುಂದಿದ್ದರೆ ಅವಳಿಗೆ ಬೇಕಾದ ತರಗತಿ ತೆರೆಯುವಷ್ಟು ಮಕ್ಕಳು ಸಿಗುತ್ತಾರಾ? ಮೂರನೇ ವರ್ಷದ ಫ್ರೆಂಚ್? ಆರು ಜನಕ್ಕೆ ಒಬ್ಬ ಶಿಕ್ಷಕರನ್ನು ಕೊಡುವುದಿಲ್ಲ. ಆನ್‌ಲೈನ್‌ನಲ್ಲಿ ಮಾಡಿ, ಪಕ್ಕದ ಶಾಲೆಗೆ ಹೋಗಿ ಅನ್ನುತ್ತಾರೆ. ಆಗ ಕರೆದುಕೊಂಡು ಹೋಗುವ ಬಸ್ ಯಾರದ್ದು? ಮಗಳ ನಾಲ್ಕು ವರ್ಷದ ಕೋರ್ಸ್ ಪಟ್ಟಿ ಹಿಡಿದುಕೊಂಡು ಈಗಿನ ಕೌನ್ಸೆಲರ್ ಹತ್ತಿರ ಕೂತು ಒಂದೊಂದೇ ಕೇಳಿ.

ಆರ್ಕೆಸ್ಟ್ರಾ ಮೊದಲ ಎರಡು ವರ್ಷ ಖಂಡಿತ ತೆಳ್ಳಗಿರುತ್ತದೆ. ಚೆಲ್ಲೋ ಇಬ್ಬರು, ವಿಯೋಲಾ ಒಬ್ಬಳು. ನಾನು ಹೀಗೊಂದು ಕಛೇರಿಗೆ ಹೋಗಿದ್ದೆ, ಪಾಪ, ಬೇಸ್ ನುಡಿಸಲು ಮೇಷ್ಟರೇ ನಿಂತಿದ್ದರು. ಆದರೆ ಟೆಕ್ಸಾಸ್‌ನ ಸಂಗೀತ ಶಿಕ್ಷಕರ ಸಂಘವಾದ ಟಿಎಂಇಎಯ ಆಲ್-ರೀಜನ್, ಆಲ್-ಸ್ಟೇಟ್ (ವಲಯ ಮತ್ತು ರಾಜ್ಯ ತಂಡದ) ಆಡಿಷನ್‌ಗಳು ಮಗುವಿನ ಸ್ವಂತ ಕೈಚಳಕದ ಮೇಲೆ, ಶಾಲೆಯ ತಂಡದ ಮೇಲಲ್ಲ. ದೊಡ್ಡ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವವಳು ಇಲ್ಲಿ ಮೊದಲ ದಿನವೇ ಮುಂದೆ ಕೂರುತ್ತಾಳೆ. ಇದು ಅವಳಿಗೆ ಖುಷಿಯೋ ಭಯವೋ ನಿಮಗಿಂತ ಅವಳಿಗೇ ಗೊತ್ತು. ಕೇಳಿದ್ದೀರಾ? ನಿಮ್ಮ ಪತ್ರದಲ್ಲಿ ಅವಳ ಮಾತು ಒಂದೂ ಇಲ್ಲ.

ಆಟದ ಬಗ್ಗೆ ನೀವು ಕೇಳಿಲ್ಲ, ಆದರೂ ಮಗನಿಗೆ ಬೇಕಾಗಬಹುದು. ಗಡಿ ಬದಲಾದ್ದರಿಂದ ಶಾಲೆ ಬದಲಾದರೆ ಆಡುವ ಅರ್ಹತೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಮನೆ ಬದಲಿಸದೆ ನೀವೇ ಟ್ರಾನ್ಸ್‌ಫರ್ ಕೇಳಿ ಹೋದರೆ ಟೆಕ್ಸಾಸ್‌ನ ಶಾಲಾ ಕ್ರೀಡೆ ನಡೆಸುವ ಯುಐಎಲ್ ಸಂಸ್ಥೆಯ ನಿಯಮದಂತೆ ಒಂದು ವರ್ಷ ವಾರ್ಸಿಟಿ (ಶಾಲೆಯ ಮುಖ್ಯ) ತಂಡದ ಹೊರಗೆ ಕೂರಬೇಕಾಗಬಹುದು. ಮೊದಲೇ ಬರೆಸಿಕೊಂಡು ಕೇಳಿ.

ಮನೆ ಬೆಲೆ. ಶಾಲೆಗೂ ಬೆಲೆಗೂ ನಂಟಿಲ್ಲ ಅಂತ ಸುಳ್ಳು ಹೇಳಲಾರೆ. ಸಾಂಡ್ರಾ ಬ್ಲ್ಯಾಕ್ ಅನ್ನುವ ಅರ್ಥಶಾಸ್ತ್ರಜ್ಞೆ 1999ರಲ್ಲಿ ಮ್ಯಾಸಚೂಸೆಟ್ಸ್‌ನ ಮನೆಗಳನ್ನು ಹೀಗೇ ಗೆರೆಯ ಈಚೆ ಆಚೆ ಇಟ್ಟು ಹೋಲಿಸಿದರು. ಪ್ರಾಥಮಿಕ ಶಾಲೆಯ ಪರೀಕ್ಷಾ ಅಂಕ ಶೇ. 5 ಹೆಚ್ಚಿದ್ದರೆ ಜನ ಮನೆಗೆ ಶೇ. 2.5ರಷ್ಟು ಜಾಸ್ತಿ ಕೊಡಲು ತಯಾರಿದ್ದರು. ಅಂದರೆ ವ್ಯತ್ಯಾಸ ಇದೆ, ಆದರೆ ವಾಟ್ಸ್ಯಾಪ್ ಗುಂಪಿನಲ್ಲಿ ಹೇಳುವಷ್ಟು ಪ್ರಳಯವಲ್ಲ. ನಿಮ್ಮದು ಅದೇ ಡಿಸ್ಟ್ರಿಕ್ಟ್, ಅದೇ ತೆರಿಗೆ, ಮೇಲಾಗಿ ಹೊಸ ಕಟ್ಟಡ. ಈಗ ಮಾರುವ ಯೋಚನೆ ಇಲ್ಲದಿದ್ದರೆ ಇದನ್ನು ಪಟ್ಟಿಯಿಂದ ಹೊಡೆದುಹಾಕಿ.

ಸ್ನೇಹಿತರ ವಿಳಾಸ ಮಾತ್ರ ಬೇಡವೇ ಬೇಡ. ಓಹಾಯೊದ ಕೆಲ್ಲಿ ವಿಲಿಯಮ್ಸ್-ಬೊಲಾರ್ ಅನ್ನುವ ತಾಯಿ ತನ್ನ ತಂದೆಯ ವಿಳಾಸ ಕೊಟ್ಟು ಮಕ್ಕಳನ್ನು ಪಕ್ಕದ ಡಿಸ್ಟ್ರಿಕ್ಟ್‌ನ ಶಾಲೆಗೆ ಕಳಿಸಿದರು. 2011ರಲ್ಲಿ ಅವರು ಒಂಬತ್ತು ದಿನ ಜೈಲಿನಲ್ಲಿದ್ದರು. ದೇಶವೆಲ್ಲ ಗದ್ದಲವಾದ ಮೇಲೆ ಗವರ್ನರ್ ಅಪರಾಧದ ತೀವ್ರತೆ ಇಳಿಸಿದರು. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ. ಆದರೆ ಟೆಕ್ಸಾಸ್‌ನಲ್ಲೂ ದಾಖಲಾತಿ ಕಾಗದದಲ್ಲಿ ಸುಳ್ಳು ಬರೆಯುವುದು ಅಪರಾಧ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರಿಗೆ ಬೇಡದ ಕೇಸು ಅದು. ಸ್ನೇಹಿತರನ್ನೂ ಸಿಕ್ಕಿಸಿದಂತಾಗುತ್ತದೆ. ಯಜಮಾನರ ಅಪಾರ್ಟ್‌ಮೆಂಟ್ ಉಪಾಯವೂ ಅಷ್ಟೆ. ನಿಜವಾಗಿ ಅಲ್ಲಿ ಹೋಗಿ ವಾಸ ಮಾಡಿದರೆ ಸರಿ. ಬೀಗ ಹಾಕಿ ಬಾಡಿಗೆ ಕಟ್ಟಿದರೆ ಅದೂ ಸುಳ್ಳು ವಿಳಾಸವೇ, ತಿಂಗಳಿಗೆ ದುಡ್ಡು ಬೇರೆ ದಂಡ. ನೇರ ದಾರಿ ಟ್ರಾನ್ಸ್‌ಫರ್ ಅರ್ಜಿ. ಆದರೆ ಶಾಲೆ ತುಂಬಿ ತುಳುಕುತ್ತಿದೆ ಅಂತಲೇ ಗೆರೆ ಎಳೆದಿದ್ದಾರೆ, ಅದೇ ಶಾಲೆಗೆ ಟ್ರಾನ್ಸ್‌ಫರ್ ಸಿಗುವುದು ಕಷ್ಟ.

ಇನ್ನು ಜಗಳ. ನಕ್ಷೆಯನ್ನು ಬದಲಿಸುವುದು ಯಾಕೆ ಕಷ್ಟ ಗೊತ್ತಾ? ನಿಮ್ಮ ಬೀದಿ ಉಳಿದರೆ ಇನ್ನೊಂದು ಬೀದಿ ಹೋಗಬೇಕು, ಆ ಬೀದಿಯವರೂ ಅದೇ ಮೀಟಿಂಗ್‌ನಲ್ಲಿ ಕೂತಿರುತ್ತಾರೆ. ಮೇರಿಲ್ಯಾಂಡ್‌ನ ಹೊವಾರ್ಡ್ ಕೌಂಟಿಯಲ್ಲಿ 2019ರ ಆಗಸ್ಟ್‌ನಲ್ಲಿ ಸುಮಾರು 7,400 ಮಕ್ಕಳ ಶಾಲೆ ಬದಲಿಸುವ ಪ್ರಸ್ತಾಪ ಬಂತು. ಮೂರು ತಿಂಗಳು ಮೆರವಣಿಗೆ, ಅಹವಾಲು, ಬೈದಾಟ. ನವೆಂಬರ್‌ನಲ್ಲಿ ಬೋರ್ಡ್ ಮತ ಹಾಕಿದಾಗ ಸಂಖ್ಯೆ ಸುಮಾರು 5,400ಕ್ಕೆ ಇಳಿದಿತ್ತು. ಅಂದರೆ ಗಲಾಟೆಗೆ ಬೆಲೆ ಇಲ್ಲ ಅಂತಲ್ಲ, ಆದರೂ ಐದು ಸಾವಿರಕ್ಕೂ ಹೆಚ್ಚು ಮಕ್ಕಳು ಹೋಗಲೇಬೇಕಾಯಿತು. ಅಷ್ಟರಲ್ಲಿ ಕೊರೊನಾ ಬಂತು. ಅಷ್ಟು ಜಗಳವಾಡಿದ ಮಕ್ಕಳು 2020ರ ಸೆಪ್ಟೆಂಬರ್‌ನಲ್ಲಿ ಹೊಸ ಶಾಲೆ ಶುರು ಮಾಡಿದ್ದು ತಮ್ಮ ತಮ್ಮ ಮಲಗುವ ಕೋಣೆಯಿಂದ, ಲ್ಯಾಪ್‌ಟಾಪ್‌ನಲ್ಲಿ.

ಅದಕ್ಕೇ ನನ್ನ ಸಲಹೆ: ಗೆರೆಯನ್ನು ಬಿಡಿ, ಆ ನಿಯಮದ ಪುಟವನ್ನು ಹಿಡಿಯಿರಿ. 10ಕ್ಕೆ ಹೋಗುವವರಿಗೆ ಆಯ್ಕೆ ಕೊಡಿ, ಅಕ್ಕ ಇರುವ ಶಾಲೆಗೆ ತಮ್ಮನನ್ನೂ ಬಿಡಿ, ಮೊದಲ ಎರಡು ವರ್ಷ ಬಸ್ ಕೊಡಿ, ಮಕ್ಕಳು ಈಗಾಗಲೇ ಹಿಡಿದಿರುವ ಕೋರ್ಸ್ ನಿಲ್ಲಿಸಬೇಡಿ. ಇವುಗಳಿಂದ ಇನ್ನೊಂದು ಬೀದಿಗೆ ನಷ್ಟವಿಲ್ಲ. ಆದ್ದರಿಂದ ಟ್ರಸ್ಟಿಗಳು ಇಲ್ಲಿ ಬಗ್ಗುತ್ತಾರೆ. ಎಲ್ಲ ಕೇಳಬೇಡಿ, ನಿಮಗೆ ಬೇಕಾದ ಎರಡು ಕೇಳಿ. ಗಡಿಯ ಆಚೆ ಹೋಗುತ್ತಿರುವ ಬೇರೆ ಬೀದಿಯವರನ್ನೂ ಸೇರಿಸಿಕೊಳ್ಳಿ. ಬರೀ ನಮ್ಮವರೇ ಸಾಲಾಗಿ ನಿಂತು ಒಂದೇ ಪಾಠ ಒಪ್ಪಿಸಿದರೆ ಕೇಳುವವರಿಗೆ ಬೇಗ ಬೇಸರ ಬರುತ್ತದೆ, ಇದು ನಾನು ಕಣ್ಣಾರೆ ಕಂಡದ್ದು.

ಎಚ್-1ಬಿಯಲ್ಲಿದ್ದೇವೆ, ಮತ ಹಾಕುವಂತಿಲ್ಲ, ನಮ್ಮ ಮಾತು ಯಾರು ಕೇಳುತ್ತಾರೆ ಅಂತ ಸುಮ್ನೆ ಕೂರಬೇಡಿ. ಟೆಕ್ಸಾಸ್ ಕಾನೂನಿನಂತೆ ಅಜೆಂಡಾದಲ್ಲಿರುವ ವಿಷಯದ ಮೇಲೆ ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಲೇಬೇಕು, ಅದಕ್ಕೆ ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ. ಬೋರ್ಡ್ ಮತ ಹಾಕಿದ ಮೇಲೂ ಒಂದು ಬಾಗಿಲಿದೆ. ಟೆಕ್ಸಾಸ್ ಎಜುಕೇಶನ್ ಕೋಡ್‌ನ 25.033ನೇ ಸೆಕ್ಷನ್ ಪ್ರಕಾರ ತಂದೆ ತಾಯಿ ಲಿಖಿತ ಅರ್ಜಿ ಕೊಟ್ಟು ಇಂಥ ಶಾಲೆಯೇ ಬೇಕು ಅಂತಲೋ, ಈ ಶಾಲೆ ಬೇಡ ಅಂತಲೋ ಕೇಳಬಹುದು. ಬೋರ್ಡ್ ಅದನ್ನು ವಿಚಾರಿಸಬೇಕು. ಮಗುವಿಗೆ ಆರೋಗ್ಯದ ಕಾರಣವೋ, ಬೇರೆ ಗಟ್ಟಿ ಕಾರಣವೋ ಇದ್ದರೆ ಇದು ಉಪಯೋಗಕ್ಕೆ ಬರುತ್ತದೆ. "ಹಳೆಯ ಶಾಲೆ ಚೆನ್ನಾಗಿದೆ" ಅನ್ನುವುದು ಗಟ್ಟಿ ಕಾರಣವಲ್ಲ. ಕೋರ್ಟಿಗೆ ಹೋಗುವ ಮಾತು ಯಾರಾದರೂ ಎತ್ತಿದರೆ ವಕೀಲರ ಫೀಸು ಎಷ್ಟು ಅಂತ ಮೊದಲು ಕೇಳಿ. ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕು ಅನ್ನುವ ಅಧಿಕಾರವನ್ನು ಕಾನೂನೇ ಬೋರ್ಡಿಗೆ ಕೊಟ್ಟಿದೆ.

ಮಗನ ವಿಚಾರ ಸುಲಭ. ಅವನು 9ಕ್ಕೆ ಬರುವ ಹೊತ್ತಿಗೆ ಹೊಸ ಶಾಲೆಗೆ ಒಂದು ವರ್ಷ ತುಂಬಿರುತ್ತದೆ. ಅವನಿಗೆ ಅದೇ "ನಮ್ಮ ಶಾಲೆ". ಮಗಳು ಹಳೆಯ ಕಡೆ ಉಳಿದರೆ ಇಬ್ಬರೂ ಎರಡು ವರ್ಷ ಬೇರೆ ಬೇರೆ ಶಾಲೆ. ಆ ಎರಡು ವರ್ಷದ ಬೆಳಗಿನ ಏಳು ಗಂಟೆಯನ್ನು ಒಂದು ಕಾಗದದ ಮೇಲೆ ಬರೆದು ನೋಡಿ: ಯಾರು, ಯಾವ ಕಾರು, ಯಾವ ದಾರಿ. ಎಷ್ಟೋ ಮನೆಯವರ ತೀರ್ಮಾನ ಅಲ್ಲೇ ಆಗಿಹೋಗುತ್ತದೆ.

ಮೀಟಿಂಗ್‌ಗೆ ಹೋಗುವುದಾದರೆ ಹೆಸರು ನೋಂದಾಯಿಸುವ ಸಮಯ ಮೊದಲೇ ನೋಡಿಕೊಳ್ಳಿ, ಶುರುವಾದ ಮೇಲೆ ಬಹಳ ಕಡೆ ತಗೊಳ್ಳುವುದಿಲ್ಲ. ಮಗಳಿಗೆ ಇಷ್ಟವಿದ್ದರೆ ಅವಳನ್ನೇ ಮಾತಾಡಲು ಬಿಡಿ, ನೀವು ಹಿಂದಿನ ಸಾಲಿನಲ್ಲಿ ಕೂತಿರಿ. ನಾನು ಇಂಥ ಎಷ್ಟೋ ಸಂಜೆ ನೋಡಿದ್ದೇನೆ. ಅಪ್ಪ ಅಮ್ಮಂದಿರು ಮನೆ ಬೆಲೆಯ ಬಗ್ಗೆ ಮಾತಾಡುವಾಗ ಟ್ರಸ್ಟಿಗಳು ಕಾಗದ ತಿರುವುತ್ತಿರುತ್ತಾರೆ. ಹದಿನೈದು ವರ್ಷದ ಹುಡುಗಿ ಮೈಕ್ ಮುಂದೆ ನಿಂತು "ನಾನು ಎರಡನೇ ವಯಲಿನ್" ಅಂದ ತಕ್ಷಣ ತಲೆ ಎತ್ತುತ್ತಾರೆ.